ಬೀಗ ಹಾಕಿ, ಕತ್ತರಿ ಹಾಕಬೇಡಿ

ಮನೆಯ ಹಿರಿಯರ ಡೈರಿಗಳು ಯಾರ ಕೈಗೆ ಬಂದಿವೆಯೋ ಅವರೆಲ್ಲರಿಗೆ,

ನಮಸ್ಕಾರ.

ಹಳೆಯ ಮನೆ ಖಾಲಿ ಮಾಡುವಾಗ ಅಟ್ಟದಿಂದ ಟ್ರಂಕು ಇಳಿಯುತ್ತದೆ. ಒಳಗೆ ಬ್ಯಾಂಕಿನವರು, ವಿಮೆಯವರು, ಗೊಬ್ಬರದ ಅಂಗಡಿಯವರು ವರ್ಷವರ್ಷವೂ ಕೊಟ್ಟ ಡೈರಿಗಳು. ಅವುಗಳ ತುಂಬ ತೀರಿಕೊಂಡವರ ಕೈಬರಹ. ಆಗ ಮನೆಯವರು ಸಾಮಾನ್ಯವಾಗಿ ಮೂರರಲ್ಲಿ ಒಂದು ಮಾಡುತ್ತಾರೆ. ರದ್ದಿಗೆ ಹಾಕುತ್ತಾರೆ. ಯಾರ ಕಣ್ಣಿಗೂ ಬೀಳದಿರಲಿ ಎಂದು ಸುಡುತ್ತಾರೆ. ಇಲ್ಲವೇ ‘ಚೆನ್ನಾಗಿರುವುದನ್ನು’ ಆರಿಸಿ ಟೈಪ್ ಮಾಡಿಸಿ, ವರ್ಷಾಬ್ದಿಕಕ್ಕೆ ಬಂದವರಿಗೆಲ್ಲ ಪುಸ್ತಕ ಹಂಚಿ, ಮೂಲವನ್ನು ಕೈಬಿಡುತ್ತಾರೆ. ಮೊದಲೆರಡು ಕೆಲಸ ಮಾಡುವವರಿಗೆ ಏನೋ ಕಳೆಯುತ್ತಿದ್ದೇವೆ ಎಂಬ ಅಳುಕಾದರೂ ಇರುತ್ತದೆ. ಮೂರನೆಯದು ಮಾಡುವವರು ಉಳಿಸಿದೆವು ಎಂದೇ ತಿಳಿದಿರುತ್ತಾರೆ. ಈ ಪತ್ರ ಹೆಚ್ಚಾಗಿ ಅವರಿಗೆ.

ನಮ್ಮ ಕೋರಿಕೆ ಒಂದೇ. ಡೈರಿಗೆ ಬೀಗ ಹಾಕಿ ಇಡಿ, ಐವತ್ತು ವರ್ಷ ಯಾರಿಗೂ ತೋರಿಸಬೇಡಿ, ಅದು ನಿಮಗೆ ಬಿಟ್ಟದ್ದು. ಆದರೆ ಒಂದು ಪುಟವನ್ನೂ ಹರಿಯಬೇಡಿ, ಒಂದು ಸಾಲಿನ ಮೇಲೂ ಮಸಿ ಬಳಿಯಬೇಡಿ. ಯಾಕೆ ಎನ್ನುವುದಕ್ಕೆ ಲಂಡನ್ನಿನ ಒಬ್ಬ ಸರ್ಕಾರಿ ನೌಕರನ ಡೈರಿಯನ್ನೇ ಸಾಕ್ಷಿಗೆ ಕರೆಯುತ್ತೇವೆ.

ಸ್ಯಾಮ್ಯುಯೆಲ್ ಪೀಪ್ಸ್. ಇಂಗ್ಲಿಷಿನಲ್ಲಿ ಬರೆದದ್ದನ್ನು ನೋಡಿ ‘ಪೆಪಿಸ್’ ಎಂದು ಓದುವವರೇ ಹೆಚ್ಚು, ಹೇಳುವುದು ಪೀಪ್ಸ್. 1633ರಲ್ಲಿ ಲಂಡನ್ನಿನ ದರ್ಜಿಯೊಬ್ಬನ ಮನೆಯಲ್ಲಿ ಹುಟ್ಟಿದ. 1660ರಲ್ಲಿ ನೌಕಾ ಮಂಡಳಿಯ ಕಚೇರಿಯಲ್ಲಿ ದೊಡ್ಡ ಹುದ್ದೆ ಸಿಕ್ಕಿತು: ಹಗ್ಗ, ಟಾರು, ಮರ, ಹಾಯಿಬಟ್ಟೆ, ನಾವಿಕರ ಊಟ, ಇವುಗಳ ಲೆಕ್ಕಪತ್ರ. ಅದೇ ವರ್ಷದ ಜನವರಿ 1ರಂದು ಡೈರಿ ಶುರು ಮಾಡಿದವನು 1669ರ ಮೇ 31ರಂದು ನಿಲ್ಲಿಸಿದ. ಆರು ಸಂಪುಟ, ಸುಮಾರು ಹನ್ನೆರಡೂವರೆ ಲಕ್ಷ ಪದ. ದಿನಕ್ಕೆ ಭಾಗಿಸಿದರೆ 360ರ ಆಸುಪಾಸು. ಕೇಳುವುದಕ್ಕೆ ಅಷ್ಟೇನೂ ಅಲ್ಲ ಅನ್ನಿಸುತ್ತದೆ. ಒಂಬತ್ತು ವರ್ಷ ಐದು ತಿಂಗಳು ಬಿಡದೆ ಬರೆದು ನೋಡಬೇಕು.

ಇಂಥ ಡೈರಿಯಿಂದ ಏನು ಲಾಭ ಎಂದು ಕೇಳುವವರಿಗೆ 1665ರ ಆಗಸ್ಟ್ ತಿಂಗಳ ಕೊನೆಯ ಎರಡು ದಿನ ತೋರಿಸಿದರೆ ಸಾಕು. ಲಂಡನ್ನಿನಲ್ಲಿ ಪ್ಲೇಗು. ಪ್ರತಿ ವಾರ ಒಂದೊಂದು ಪ್ಯಾರಿಷ್‌ನಿಂದಲೂ (ಒಂದು ಚರ್ಚಿಗೆ ಸೇರಿದ ಪ್ರದೇಶ) ಸತ್ತವರ ಲೆಕ್ಕ ಹೋಗಿ, ಸಾವಿನ ಪಟ್ಟಿ ಅಚ್ಚಾಗುತ್ತಿತ್ತು. ಆಗಸ್ಟ್ 30ರಂದು ಪೀಪ್ಸ್‌ಗೆ ದಾರಿಯಲ್ಲಿ ತನ್ನ ಪ್ಯಾರಿಷ್‌ನ ಗುಮಾಸ್ತ ಹ್ಯಾಡ್ಲಿ ಸಿಕ್ಕಿದ. ರೋಗ ಹೇಗಿದೆ ಎಂದು ಕೇಳಿದರೆ, ನಮ್ಮಲ್ಲೂ ಜೋರಾಗಿದೆ, ಈ ವಾರ ಸತ್ತವರು ಒಂಬತ್ತು, ನಾನು ಬರೆದು ಕಳಿಸಿದ್ದು ಆರು ಅಂದ. ಇದು ಬಹಳ ಕೆಟ್ಟ ಪದ್ಧತಿ, ಬೇರೆ ಕಡೆಯೂ ಹೀಗೇ ನಡೆಯುತ್ತಿರಬೇಕು ಎಂದು ಪೀಪ್ಸ್ ಬರೆದುಕೊಂಡ. ಮರುದಿನ ವಾರದ ಪಟ್ಟಿಯ ಅಂಕಿ ದಾಖಲಿಸಿದ: ಒಟ್ಟು ಸಾವು 7,496, ಅದರಲ್ಲಿ ಪ್ಲೇಗಿನಿಂದ 6,102. ಅದರ ಬೆನ್ನಿಗೇ, ನಿಜವಾದ ಸಂಖ್ಯೆ 10,000ದ ಹತ್ತಿರ ಇರಬಹುದೆಂಬ ಭಯವಿದೆ ಎಂದು ಸೇರಿಸಿ ಎರಡು ಕಾರಣ ಕೊಟ್ಟ. ಬಡವರು ಸಾಯುವ ರಭಸಕ್ಕೆ ಲೆಕ್ಕಕ್ಕೇ ಸಿಗುತ್ತಿಲ್ಲ. ಕ್ವೇಕರ್ ಪಂಥದವರಂಥ ಕೆಲವರು ತಮ್ಮವರ ಸಾವಿಗೆ ಚರ್ಚಿನ ಗಂಟೆ ಹೊಡೆಸುವುದಿಲ್ಲ, ಹಾಗಾಗಿ ಆ ಸಾವುಗಳು ಪಟ್ಟಿಗೆ ಸೇರುವುದಿಲ್ಲ.

ಅಚ್ಚಾದ ಪಟ್ಟಿ ಇವತ್ತಿಗೂ ಇದೆ. ಆದರೆ ಪಟ್ಟಿ ಯಾಕೆ ತಪ್ಪು, ಎಷ್ಟು ತಪ್ಪು, ಯಾವ ಕೈಯಲ್ಲಿ ತಪ್ಪಿತು ಎಂಬುದನ್ನು ಪಟ್ಟಿ ತಾನೇ ಹೇಳುವುದಿಲ್ಲ. ಒಂಬತ್ತಕ್ಕೆ ಆರು ಎಂದು ಬರೆದ ಗುಮಾಸ್ತ ಬೀದಿಯಲ್ಲಿ ಆಡಿದ ಒಂದು ಮಾತು, ಅದನ್ನು ಕೇಳಿಸಿಕೊಂಡು ಬರೆದಿಟ್ಟ ಒಬ್ಬನಿಂದಾಗಿ ಉಳಿಯಿತು. ನಿಮ್ಮ ಮಾವನವರ ಡೈರಿಯಲ್ಲಿ ‘ಈ ದಿನ ಸೊಸೈಟಿಯಲ್ಲಿ ಸಕ್ಕರೆ ಇಲ್ಲ ಅಂದರು, ಹಿಂಬಾಗಿಲಲ್ಲಿ ಸಿಕ್ಕಿತು’ ಎಂದಿದ್ದರೆ ಅದೂ ಇದೇ ಜಾತಿಯ ಸಾಲು. ಪುಸ್ತಕಕ್ಕೆ ‘ಒಳ್ಳೆಯದನ್ನು’ ಆರಿಸುವವರು ಮೊದಲು ಬಿಡುವುದೂ ಅದನ್ನೇ.

ನಮ್ಮ ಕರಾವಳಿಗೂ ಈ ಡೈರಿಯ ಒಂದು ಎಳೆ ತಾಗುತ್ತದೆ. ಪೋರ್ಚುಗಲ್ಲಿನ ರಾಜಕುಮಾರಿಯನ್ನು ಮದುವೆಯಾದ ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್‌ಗೆ ಬೊಂಬಾಯಿ ದ್ವೀಪ ವರದಕ್ಷಿಣೆಯಾಗಿ ಬಂದ ಕಥೆ ಎಲ್ಲರಿಗೂ ಗೊತ್ತು. ಪೋರ್ಚುಗೀಸರು ಆ ದ್ವೀಪ ಬಿಟ್ಟುಕೊಡದೆ ನಮಗೆ ಟೋಪಿ ಹಾಕಿದರಂತೆ ಎಂದು 1663ರ ಮೇ ತಿಂಗಳಲ್ಲಿ ಪೀಪ್ಸ್ ಬರೆಯುತ್ತಾನೆ. ದ್ವೀಪ ವಹಿಸಿಕೊಳ್ಳಲು ರಾಜ ಕಳಿಸಿದ್ದ, ಬೊಂಬಾಯಿ ಸಿಗದ ಸರ್ ಅಬ್ರಹಾಂ ಶಿಪ್‌ಮನ್‌ನ ಪಡೆ ಬಂದು ತಂಗಿದ್ದು ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ. ಬಹುಪಾಲು ಸೈನಿಕರು ಅಲ್ಲೇ ರೋಗದಿಂದ ಸತ್ತರು. ಶಿಪ್‌ಮನ್ ಕೂಡ 1664ರಲ್ಲಿ ಅಲ್ಲೇ ಮಣ್ಣಾದ. ಲಂಡನ್ನಿನ ಕಚೇರಿಗೆ ತಲುಪಿದ್ದು ಟೋಪಿ ಹಾಕಿದ ಸುದ್ದಿಯಷ್ಟೇ. ಪೀಪ್ಸ್‌ನ ಆ ದಿನದ ಬರಹದಲ್ಲಿ ಅಂಜದೀವ್‌ನ ಹೆಸರೂ ಇಲ್ಲ. ಡೈರಿ ತನ್ನ ಮೇಜಿನಿಂದ ಕಂಡಷ್ಟನ್ನೇ ಹೇಳುತ್ತದೆ. ಆ ಮೇಜು ಎಲ್ಲಿತ್ತು ಎಂದು ಓದುವವನಿಗೆ ಗೊತ್ತಿದ್ದರೆ ಅದೂ ಒಂದು ಮಾಹಿತಿಯೇ.

ಇನ್ನು ಅವನು ಬರೆದ ರೀತಿ. ರಾತ್ರಿ ಮಲಗುವ ಮುಂಚೆ ಕೂತು ಒಂದೇ ಉಸಿರಿಗೆ ಬರೆದ ಹಾಗೆ ಓದುವಾಗ ಅನ್ನಿಸುತ್ತದೆ. ಹಾಗಿರಲಿಲ್ಲ. ಹಸ್ತಪ್ರತಿಯನ್ನು ಕೂಲಂಕಷವಾಗಿ ನೋಡಿದವರು ಗುರುತಿಸಿದ ಕ್ರಮ ಹೀಗಿದೆ. ಮೊದಲು ಬಿಲ್ಲು, ರಸೀದಿ, ಕಚೇರಿಯ ಟಿಪ್ಪಣಿ, ಕಚ್ಚಾ ಚೀಟಿಗಳು ಒಟ್ಟಾಗುತ್ತವೆ. ಅವುಗಳಿಂದ ಖರ್ಚು ಮತ್ತು ಘಟನೆ ಬೆರೆತ ಒಂದು ಕರಡು. ಅದರಲ್ಲಿನ ಹಣದ ಲೆಕ್ಕ ಲೆಕ್ಕದ ಪುಸ್ತಕಕ್ಕೆ, ಕಚೇರಿ ವಿಷಯ ಕಚೇರಿ ಪುಸ್ತಕಕ್ಕೆ ಹೋದ ಮೇಲೆ ಉಳಿದದ್ದು ತಿದ್ದಿಸಿಕೊಂಡು ಡೈರಿಗೆ ಇಳಿಯುತ್ತದೆ. ಕಡೆಗೆ ಇನ್ನೊಮ್ಮೆ ಓದಿ ಸಣ್ಣಪುಟ್ಟ ತಿದ್ದುಪಡಿ. ಕೆಲವೊಮ್ಮೆ ನಾಲ್ಕೈದು ದಿನದ್ದನ್ನು ಒಟ್ಟಿಗೆ ಬರೆದದ್ದೂ ಉಂಟು. 1666ರ ಸೆಪ್ಟೆಂಬರಿನಲ್ಲಿ ಲಂಡನ್ ಹೊತ್ತಿ ಉರಿದಾಗ ಬಿಡಿ ಹಾಳೆಗಳಲ್ಲಿ ಬರೆದುಕೊಂಡು, ಪುಸ್ತಕಕ್ಕೆ ಏರಿಸಿದ್ದು ತಿಂಗಳುಗಳ ನಂತರ. ಆದರೂ ಆ ಪುಟಗಳಲ್ಲಿ ಬಿಸಿ ಆರಿಲ್ಲ. ಮನೆ ಬಿಟ್ಟು ಹಾರಲೊಲ್ಲದೆ ಕಿಟಕಿಗಳ ಸುತ್ತಲೇ ಸುಳಿದಾಡಿ ರೆಕ್ಕೆ ಸುಟ್ಟುಕೊಂಡು ಬಿದ್ದ ಪಾರಿವಾಳಗಳಿವೆ. ಗೋಡೆಗೆ ತಾಗಿದ ಹೊಗೆಗೂಡಿನ ಸಂದಿನಿಂದ ತೆಗೆದ, ಮೈಕೂದಲೆಲ್ಲ ಸುಟ್ಟರೂ ಜೀವವಿದ್ದ ಬೆಕ್ಕಿದೆ. ತೋಟದಲ್ಲಿ ಗುಂಡಿ ತೋಡಿ ಹೂತಿಟ್ಟ ವೈನು ಮತ್ತು ಪಾರ್ಮೆಸಾನ್ ಚೀಸ್ ಇದೆ.

ಚೀಟಿಗಳ ಮಾತು ಎತ್ತಿದ್ದಕ್ಕೆ ಕಾರಣವಿದೆ. ಡೈರಿಯ ನಡುವೆ ಸಿಕ್ಕಿಸಿದ ಬಸ್ ಟಿಕೆಟ್ಟು, ಔಷಧದ ಚೀಟಿ, ಮದುವೆ ಕರೆಯೋಲೆಯ ಹಿಂಬದಿಯ ಕೂಡು-ಕಳೆ ಲೆಕ್ಕ, ಇವನ್ನು ಕಸ ಎಂದು ಕೊಡವಬೇಡಿ. ಅವು ಡೈರಿಯ ಮೊದಲ ಕರಡು. ಯಾವ ಎರಡು ಪುಟಗಳ ನಡುವೆ ಸಿಕ್ಕಿತೋ ಅಲ್ಲೇ ಇದ್ದಂತೆ ಒಂದು ಫೋಟೊ ತೆಗೆದು, ಆಮೇಲೆ ಬೇರೆ ಲಕೋಟೆಗೆ ಹಾಕಿ, ಲಕೋಟೆಯ ಮೇಲೆ ಪುಟದ ತಾರೀಖು ಬರೆಯಿರಿ. ಬಸ್ಸಿನ ಮೆಷಿನ್ ಟಿಕೆಟ್ಟು, ಎಟಿಎಂ ಚೀಟಿಗಳಾದರೆ ಇವತ್ತೇ ಫೋಟೊ ತೆಗೆಯಿರಿ. ಅದು ಶಾಖದಿಂದ ಅಕ್ಷರ ಮೂಡುವ ಕಾಗದ, ಕೆಲವೇ ವರ್ಷಗಳಲ್ಲಿ ಬೆಳ್ಳಗಾಗುತ್ತದೆ.

ಪೀಪ್ಸ್ ಬರೆದದ್ದು ಶೀಘ್ರಲಿಪಿಯಲ್ಲಿ. ಇದು ಅವನೇ ಕಟ್ಟಿದ ಗುಪ್ತಲಿಪಿ ಎಂಬ ಮಾತು ಇನ್ನೂ ಓಡಾಡುತ್ತಿದೆ. ಅಲ್ಲ. ಥಾಮಸ್ ಶೆಲ್ಟನ್ ಎಂಬವನು ಅಚ್ಚು ಹಾಕಿಸಿ ಮಾರುತ್ತಿದ್ದ ಪದ್ಧತಿ ಅದು. ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಐಸಾಕ್ ನ್ಯೂಟನ್ ಕೂಡ ಬಳಸಿದ್ದ. ಕನ್ನಡ ಬಲ್ಲವರಿಗೆ ಇದರ ಸೂತ್ರ ಬೇಗ ಹಿಡಿಯುತ್ತದೆ. ನಮ್ಮ ಕಾಗುಣಿತದಲ್ಲಿ ವ್ಯಂಜನಕ್ಕೆ ಸ್ವರದ ಚಿಹ್ನೆ ಅಂಟಿಕೊಳ್ಳುತ್ತದೆ. ಶೆಲ್ಟನ್‌ನಲ್ಲಿ ಚಿಹ್ನೆಯೇ ಇಲ್ಲ, ಜಾಗವೇ ಸ್ವರ. ಮೊದಲ ವ್ಯಂಜನದ ಗುರುತು ಹಾಕಿ, ಎರಡನೆಯದನ್ನು ಅದರ ತಲೆಯ ಮೇಲೆ ಬರೆದರೆ ನಡುವೆ ಇಂಗ್ಲಿಷಿನ ‘ಎ’ ಅಕ್ಷರದ ಸ್ವರ, ಪಕ್ಕದಲ್ಲಿ ಬರೆದರೆ ‘ಐ’, ಕಾಲಡಿ ಬರೆದರೆ ‘ಯು’. ‘ಇ’ ಮತ್ತು ‘ಓ’ ಈ ಮೂರರ ನಡುವಿನ ಸಂದುಗಳಲ್ಲಿ. ಪದ ಸ್ವರದಿಂದ ಮುಗಿದರೆ ಅದೇ ಜಾಗದಲ್ಲಿ ಒಂದು ಚುಕ್ಕೆ. ಇದರ ಮೇಲೆ ಇಡೀ ಪದಗಳಿಗೆ ನಿಂತ ಗುರುತುಗಳು ನೂರಾರು. ಲೇಖನಿ ಒಂದು ಕೂದಲಿನಷ್ಟು ಜಾರಿದರೆ ಸ್ವರ ಬದಲಾಗುತ್ತದೆ, ಆಗ ಹಿಂದುಮುಂದಿನ ಮಾತೇ ಗತಿ. ಇನ್ನೊಂದು ತಮಾಷೆ: ಅಚ್ಚಾದ ಪುಸ್ತಕದಲ್ಲಿ ಕಾಣುವ ಸ್ಪೆಲ್ಲಿಂಗ್ ಬಹುಮಟ್ಟಿಗೆ ಸಂಪಾದಕರದ್ದು. ಪೀಪ್ಸ್ ಎಲ್ಲ ಅಕ್ಷರ ಬಿಡಿಸಿ ಬರೆದದ್ದು ಮುಖ್ಯವಾಗಿ ಜನರ ಹೆಸರು, ಊರಿನ ಹೆಸರು ಮತ್ತು ಅಲ್ಲೊಂದು ಇಲ್ಲೊಂದು ಪದವನ್ನು. ಹೆಂಗಸರ ವಿಚಾರ ಬಂದಾಗ ಫ್ರೆಂಚ್, ಸ್ಪ್ಯಾನಿಷ್, ಲ್ಯಾಟಿನ್ ಕಲಸಿದ ಒಂದು ಭಾಷೆಗೆ ಜಾರುತ್ತಿದ್ದ. ಶೀಘ್ರಲಿಪಿಯ ಮೇಲೆ ಅದು ಇನ್ನೊಂದು ಪರದೆ.

1819ರಲ್ಲಿ, ಕೇಂಬ್ರಿಜ್‌ನ ಮ್ಯಾಗ್ಡಲೀನ್ ಕಾಲೇಜು ಸೇರಿದ್ದ ಈ ಆರು ಸಂಪುಟ ಓದಿಕೊಡಲು ಜಾನ್ ಸ್ಮಿತ್ ಎಂಬ ಕೇಂಬ್ರಿಜ್ ವಿದ್ಯಾರ್ಥಿಗೆ ಹೇಳಿದರು. ಅವನು ದಿನಕ್ಕೆ ಹನ್ನೆರಡು, ಹದಿನಾಲ್ಕು ಗಂಟೆ ಕೂತು ಮೂರು ವರ್ಷ ದುಡಿದ. 54 ನೋಟ್‌ಬುಕ್, 9,325 ಪುಟ. ಅಂದರೆ ದಿನಕ್ಕೆ ಎಂಟೊಂಬತ್ತು ಪುಟ. ಕೈಗೆ ಬಂದದ್ದು 200 ಪೌಂಡ್. ಅವನಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಬೀಗದ ಕೈ ಡೈರಿ ಇದ್ದ ಗ್ರಂಥಾಲಯದಲ್ಲೇ ಇತ್ತು. ಪೀಪ್ಸ್‌ನ ಪುಸ್ತಕಗಳ ನಡುವೆಯೇ ಶೆಲ್ಟನ್‌ನ ಕೈಪಿಡಿ ಕಪಾಟಿನಲ್ಲಿ ಕೂತಿತ್ತು. ಡೈರಿ ಒಂದು ಕಡೆ, ಅದನ್ನು ಓದುವ ಕೈಪಿಡಿ ಇನ್ನೊಂದು ಕಡೆ. ಎರಡರ ನಂಟು ಹೇಳುವ ಒಂದು ಚೀಟಿ ಇದ್ದಿದ್ದರೆ ಆ ಹುಡುಗನ ಕೆಲಸ ಅರ್ಧಕ್ಕಿಳಿಯುತ್ತಿತ್ತು.

ನಿಮ್ಮ ಟ್ರಂಕಿನ ಡೈರಿಗೂ ಬೀಗದ ಕೈ ಬೇಕು. ಮೋಡಿ ಅಕ್ಷರದ ಕೈಬರಹ, ‘ಚಿ||’, ‘ರಾ.ರಾ.’ ಮುಂತಾದ ಸಂಕ್ಷೇಪಗಳು, ಹಳೆಯ ಅಳತೆಗಳ ಹೆಸರು ಹೇಗೋ ಓದಿಕೊಳ್ಳಬಹುದು. ಕೈಕೊಡುವುದು ಜನರ ಹೆಸರು. ‘ಮೇಲಿನ ಮನೆಯವರು ಬಂದಿದ್ದರು’, ‘ಪುಟ್ಟನಿಗೆ 50 ಕೊಟ್ಟೆ’ ಎಂದಿದ್ದರೆ ಆ ಮನೆ ಯಾವುದು, ಪುಟ್ಟ ಯಾರು ಎಂದು ಹೇಳಬಲ್ಲವರು ಈಗ ಎಂಬತ್ತು ದಾಟಿದ ಒಬ್ಬರು ಅತ್ತೆಯೋ ಚಿಕ್ಕಪ್ಪನೋ ಇರುತ್ತಾರೆ. ಕ್ಯಾಮರಾ, ಸ್ಕ್ಯಾನರ್ ಎಲ್ಲ ಆಮೇಲೆ. ಮೊದಲು ಅವರ ಪಕ್ಕ ಡೈರಿ ಹಿಡಿದು ಕೂತು, ಹೆಸರು, ಸಂಬಂಧ, ಊರು, ಯಾವ ವರ್ಷದಿಂದ ಯಾವ ವರ್ಷದವರೆಗೆ ಕಾಣಿಸಿಕೊಳ್ಳುತ್ತಾರೆ ಎಂಬ ನಾಲ್ಕು ಅಂಕಣದ ಪಟ್ಟಿ ಮಾಡಿ. ಪೀಪ್ಸ್‌ನ ಪೂರ್ಣ ಆವೃತ್ತಿಯಲ್ಲಿ ಡೈರಿಗೆ ಒಂಬತ್ತು ಸಂಪುಟ. ಯಾರು, ಎಲ್ಲಿ, ಏನು ಎಂದು ಬಿಡಿಸಿ ಹೇಳುವುದಕ್ಕೆ ಒಂದು ಇಡೀ ಸಂಪುಟ, ಸೂಚಿಗೆ ಇನ್ನೊಂದು. ನಿಮ್ಮಲ್ಲಿ ಕೇಳುವುದಕ್ಕೆ ಜೀವಂತ ಮನುಷ್ಯರಿದ್ದಾರೆ. ಆ ಸಂಪಾದಕರಿಗೆ ಇರಲಿಲ್ಲ.

ಈಗ ಕತ್ತರಿಯ ವಿಷಯ. ಸ್ಮಿತ್ ಬರೆದುಕೊಟ್ಟದ್ದನ್ನು ಆಧರಿಸಿ 1825ರಲ್ಲಿ ಲಾರ್ಡ್ ಬ್ರೇಬ್ರೂಕ್ ಎರಡು ಸಂಪುಟ ಹೊರತಂದ. ಇಡೀ ಡೈರಿಯ ಕಾಲುಭಾಗದಷ್ಟೇ ಅದರಲ್ಲಿತ್ತು. ಸಂಕೋಚದ ವಿಷಯಗಳು ಹೋದವು, ಸರಿ. ಜೊತೆಗೆ ಮನೆವಾರ್ತೆ, ಖರ್ಚು, ಜಗಳ, ಊಟ, ಆಳುಕಾಳುಗಳ ವಿಚಾರವೂ ಹೋಯಿತು. 1875ರಿಂದ 1879ರ ನಡುವೆ ಮೈನರ್ಸ್ ಬ್ರೈಟ್ ಶೆಲ್ಟನ್ ಪದ್ಧತಿಯನ್ನೇ ಕಲಿತು ಹೊಸದಾಗಿ ಓದಿ, ಐದರಲ್ಲಿ ಸುಮಾರು ನಾಲ್ಕು ಪಾಲು ಅಚ್ಚು ಹಾಕಿಸಿದ. 1893ರಿಂದ 1899ರವರೆಗೆ ವೀಟ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಕೊಟ್ಟ. ಅಚ್ಚು ಹಾಕಲಾಗದು ಎಂದುಕೊಂಡ ಕಡೆ ಚುಕ್ಕೆ ಇಟ್ಟು, ಸಂಪಾದಕನ ವಿವೇಕದ ಮೇಲೆ ನಂಬಿಕೆ ಇಡಿ ಎಂದು ಮುನ್ನುಡಿಯಲ್ಲಿ ಕೇಳಿಕೊಂಡ. ಒಂದು ಪದವೂ ಬಿಡದ ಆವೃತ್ತಿ ಬಂದದ್ದು ರಾಬರ್ಟ್ ಲೇಥಮ್ ಮತ್ತು ವಿಲಿಯಂ ಮ್ಯಾಥ್ಯೂಸ್ ಅವರಿಂದ, 1970ರಿಂದ 1983ರವರೆಗೆ, 11 ಸಂಪುಟಗಳಲ್ಲಿ. ಮೊದಲ ಮುದ್ರಣಕ್ಕೂ ಇದಕ್ಕೂ ನಡುವೆ 145 ವರ್ಷ.

ಆ 145 ವರ್ಷ ಓದುಗರಿಗೆ ಸಿಕ್ಕ ಪೀಪ್ಸ್ ಒಬ್ಬ ಮೋಜುಗಾರ. ನಾಟಕ ನೋಡುವ, ಸಂಗೀತ ನುಡಿಸುವ, 1660ರ ಸೆಪ್ಟೆಂಬರ್ 25ರಂದು ಜೀವಮಾನದಲ್ಲಿ ಮೊದಲ ಸಲ ಚಹಾ ತರಿಸಿ ಕುಡಿದ, ಗಂಡಹೆಂಡಿರ ಜಗಳದಲ್ಲಿ ಪೆಚ್ಚಾಗುವ ಬಡಪಾಯಿ. ಪೂರ್ತಿ ಡೈರಿಯಲ್ಲಿ ಇನ್ನೊಬ್ಬನಿದ್ದಾನೆ. ಗಂಡನಿಗೆ ಒಳ್ಳೆಯ ಹಡಗಿನಲ್ಲಿ ಕೆಲಸ ಕೇಳಿಕೊಂಡು ಬಂದ ಬಡಗಿಯ ಹೆಂಡತಿಯನ್ನು, ಆ ಅರ್ಜಿಯನ್ನೇ ಹಿಡಿದು ಬಳಸಿಕೊಂಡವನು. 1665ರ ಫೆಬ್ರವರಿಯಲ್ಲಿ ಅವಳು ಒಪ್ಪದೆ ಸೆಣಸಿದ್ದು, ಆ ಸೆಣಸಾಟದಲ್ಲಿ ತನ್ನ ಎಡಗೈ ತೋರುಬೆರಳು ಉಳುಕಿದ್ದು, ಎರಡನ್ನೂ ಅವನೇ ಬರೆದಿದ್ದಾನೆ. ನೌಕಾಪಡೆಯ ಆಡಳಿತಕ್ಕೆ ಶಿಸ್ತು ತಂದ ಅಧಿಕಾರಿ ಮತ್ತು ಈ ಮನುಷ್ಯ ಒಬ್ಬನೇ. ಸಂಪಾದಕರು ತಾವು ಪೀಪ್ಸ್‌ನ ಮಾನ ಕಾಪಾಡುತ್ತಿದ್ದೇವೆ ಎಂದುಕೊಂಡಿರಬಹುದು. ನಡೆದದ್ದು ಬೇರೆ. ಆ ಹೆಂಗಸಿನ ಪರವಾಗಿ ಉಳಿದಿದ್ದ ಒಂದೇ ಸಾಕ್ಷ್ಯ ಒಂದೂವರೆ ಶತಮಾನ ಕತ್ತಲಲ್ಲಿತ್ತು. ಮೂಲ ಹಾಳೆ ಕಪಾಟಿನಲ್ಲಿ ಹಾಗೇ ಇದ್ದದ್ದರಿಂದ ಅದು ಮತ್ತೆ ಹೊರಬರಲು ಸಾಧ್ಯವಾಯಿತು. ಬ್ರೇಬ್ರೂಕ್ ಅಚ್ಚಿನಲ್ಲಿ ಕತ್ತರಿ ಆಡಿಸಿದ, ಹಾಳೆಯ ಮೇಲೆ ಅಲ್ಲ. ಈ ವ್ಯತ್ಯಾಸದ ಮೇಲೆಯೇ ನಮ್ಮ ಪತ್ರವೆಲ್ಲ ನಿಂತಿದೆ.

ಹಾಳೆಯನ್ನೇ ಹರಿದರೆ ಏನಾಗುತ್ತದೆ? ಅದಕ್ಕೂ ಉತ್ತರ ಪೀಪ್ಸ್‌ನ ಮನೆಯಲ್ಲೇ ಇದೆ. 1663ರ ಜನವರಿ 9. ಹೆಂಡತಿ ಎಲಿಜಬೆತ್ ತಾನು ಬರೆದಿಟ್ಟುಕೊಂಡಿದ್ದ ಒಂದು ಕಾಗದ ತಂದು ಓದಿದಳು. ಮನೆಯಲ್ಲಿ ಒಂಟಿಯಾಗಿ ಕಳೆಯುವ ದಿನಗಳು, ಅದರ ಬೇಸರ. ಅದರಲ್ಲಿ ಬರೆದದ್ದು ಬಹುಪಾಲು ನಿಜವೇ ಎಂದು ಪೀಪ್ಸ್ ಒಪ್ಪುತ್ತಾನೆ. ಅವನಿಗೆ ಚುಚ್ಚಿದ್ದು ಆಕೆ ಅದನ್ನು ಇಂಗ್ಲಿಷಿನಲ್ಲಿ ಬರೆದದ್ದು. ಯಾರ ಕೈಗಾದರೂ ಸಿಕ್ಕರೆ ಓದಿಬಿಡುತ್ತಾರೆ. ಹರಿ ಎಂದು ಕೇಳಿದ, ಆಮೇಲೆ ಅಪ್ಪಣೆ ಮಾಡಿದ, ಆಕೆ ಒಪ್ಪಲಿಲ್ಲ. ಕಿತ್ತುಕೊಂಡ; ಆಕೆ ಜೋಪಾನ ಮಾಡಿದ್ದ ಕಾಗದದ ಕಟ್ಟನ್ನೂ ತೆಗೆದು, ತಾನೇ ಹಿಂದೆ ಬರೆದಿದ್ದ ಪ್ರೇಮಪತ್ರಗಳೂ ಸೇರಿದಂತೆ, ಅಳುತ್ತಿದ್ದ ಆಕೆಯ ಕಣ್ಣೆದುರೇ ಹರಿದ. ಎಲಿಜಬೆತ್ ಏನೆಂದು ಬರೆದಿದ್ದಳು? ಒಂದು ವಾಕ್ಯವೂ ಉಳಿದಿಲ್ಲ. ಹಾಗೊಂದು ಕಾಗದ ಇತ್ತು ಎಂದು ಗೊತ್ತಾಗುವುದು ಕೂಡ ಹರಿದವನ ಡೈರಿಯಿಂದ. ತನ್ನದು ಶೀಘ್ರಲಿಪಿಯಲ್ಲಿ, ಬೀಗದೊಳಗೆ, ಅವಳದ್ದು ಚೂರುಚೂರು.

ಡೈರಿ ಬರೆದವರಿಗಿಂತ ಡೈರಿಯಲ್ಲಿ ಬರುವವರ ಮಾನ ಹೋಗುತ್ತದೆ ಎಂದು ಅನೇಕರು ಹೇಳುತ್ತಾರೆ. ಬದುಕಿರುವವರ ವಿಷಯದಲ್ಲಿ ಆ ಭಯ ನ್ಯಾಯವಾದದ್ದೇ. ಅದಕ್ಕೇ ಬೀಗ ಎಂದದ್ದು. ಬಟ್ಟೆಯಲ್ಲಿ ಸುತ್ತಿ, ಮೇಲೆ ‘ಇಂಥ ವರ್ಷದವರೆಗೆ ತೆರೆಯಬಾರದು’ ಎಂದು ಬರೆದು ಸಹಿ ಹಾಕಿ. ಅಚ್ಚು ಹಾಕಿಸುವ ಪುಸ್ತಕದಲ್ಲಿ ಬಿಟ್ಟ ಭಾಗಕ್ಕೆ ಚುಕ್ಕೆಯಾದರೂ ಇಡಿ, ವೀಟ್ಲಿ ಇಟ್ಟ ಹಾಗೆ. ಸದ್ದಿಲ್ಲದೆ ಜೋಡಿಸಿದ ಎರಡು ವಾಕ್ಯ ಸುಳ್ಳು ಹೇಳುತ್ತದೆ.

ಪೀಪ್ಸ್ ತನ್ನ ಡೈರಿ ಸಿಗಬೇಕೆಂದೇ ಇಟ್ಟಿದ್ದ ಎನ್ನುವುದಕ್ಕೆ ಅವನ ಗ್ರಂಥಾಲಯವೇ ಸಾಕ್ಷಿ. ಸರಿಯಾಗಿ 3,000 ಪುಸ್ತಕ, ಗಾಜಿನ ಬಾಗಿಲಿನ 12 ಕಪಾಟು. ಮೊದಲ ಕಪಾಟುಗಳನ್ನು 1666ರಲ್ಲಿ ಹಡಗುಕಟ್ಟೆಯ ಬಡಗಿಯಿಂದ ಮಾಡಿಸಿದ್ದು. ಪುಸ್ತಕಗಳಿಗೆ ವಿಷಯದ ಕ್ರಮವಿಲ್ಲ, ಎತ್ತರದ ಕ್ರಮ: ಅತಿ ಚಿಕ್ಕದು 1, ಅತಿ ದೊಡ್ಡದು 3,000. ತಲೆ ಸಮನಾಗಿ ಕಾಣಲೆಂದು ಕುಳ್ಳ ಪುಸ್ತಕಗಳ ಅಡಿಗೆ ಮರದ ಮೆಟ್ಟು ಇಡಿಸಿದ್ದ. ಗೀಳು ಎನ್ನಬಹುದು. ಆದರೆ ಡೈರಿಯ ಆರೂ ಸಂಪುಟ ಇದೇ ಸಾಲಿನಲ್ಲಿ ಸಂಖ್ಯೆ ಪಡೆದು, ಸೂಚಿಯಲ್ಲಿ ಸೇರಿ ಕೂತಿದ್ದವು. 1703ರಲ್ಲಿ ಸಾಯುವ ಮುಂಚೆ ಮಾಡಿದ ಏರ್ಪಾಡು ಇನ್ನೂ ಜಾಣತನದ್ದು. ಸೋದರಳಿಯ ಜಾನ್ ಜ್ಯಾಕ್ಸನ್ ಬದುಕಿರುವ ತನಕ ಅವನ ಬಳಿ ಇರಲಿ, ಆಮೇಲೆ ಕೇಂಬ್ರಿಜ್‌ನ ಮ್ಯಾಗ್ಡಲೀನ್ ಕಾಲೇಜಿಗೆ ಹೋಗಲಿ. ಒಂದು ಪುಸ್ತಕ ಸೇರಿಸಬಾರದು, ಒಂದು ತೆಗೆಯಬಾರದು. ತಪ್ಪಿದರೆ ಪೂರ್ತಿ ಸಂಗ್ರಹ ನೆರೆಯ ಟ್ರಿನಿಟಿ ಕಾಲೇಜಿಗೆ. ವರ್ಷಕ್ಕೊಮ್ಮೆ ಬಂದು ಪರಿಶೀಲಿಸುವ ಹಕ್ಕೂ ಟ್ರಿನಿಟಿಗೇ. ಕಳೆದರೆ ಲಾಭವಾಗುವವನನ್ನೇ ಕಾವಲಿಗೆ ಇಟ್ಟ! 1724ರಲ್ಲಿ ಕಾಲೇಜು ತಲುಪಿದ ಸಂಗ್ರಹ ಇವತ್ತೂ ಅಲ್ಲೇ ಇದೆ. ಅವನ ಗೆಳೆಯ ಜಾನ್ ಈವ್ಲಿನ್ ಕೂಡ ದೊಡ್ಡ ಡೈರಿಕಾರ. ಅವನ ಕಾಗದಪತ್ರಗಳು ಮನೆತನದವರ ಬಳಿಯೇ ಉಳಿದವು. ಕೆಲವನ್ನು ಬಟ್ಟೆ ಹೊಲಿಯುವ ಅಳತೆಗೆ ಕತ್ತರಿಸಿದ್ದರು ಎಂಬ ಮಾತಿದೆ. ಈವ್ಲಿನ್‌ನ ಡೈರಿ 1818ರಲ್ಲಿ ಅಚ್ಚಾಗಿ ಹೆಸರು ಮಾಡಿದ ಮೇಲೆಯೇ ಮ್ಯಾಗ್ಡಲೀನ್‌ನವರಿಗೆ ತಮ್ಮ ಕಪಾಟಿನ ಆರು ಸಂಪುಟ ಓದಿಸಬೇಕು ಅನ್ನಿಸಿದ್ದು.

ನೀವು ಸಂಸ್ಥೆಗೆ ಕೊಡುವುದಾದರೆ, ರಾಜ್ಯ ಪತ್ರಾಗಾರವಾಗಲಿ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗವಾಗಲಿ, ಬಾಯಿಮಾತಿನಲ್ಲಿ ಕೊಡಬೇಡಿ. ಎಷ್ಟು ಪುಸ್ತಕ, ಯಾವ ಯಾವ ವರ್ಷ, ಬಿಡಿ ಹಾಳೆ ಎಷ್ಟು ಎಂಬ ಪಟ್ಟಿಯ ಎರಡು ಪ್ರತಿಗೆ ಇಬ್ಬರೂ ಸಹಿ ಮಾಡಬೇಕು. ಎಷ್ಟು ವರ್ಷ ಮುಚ್ಚಿಡಬೇಕು, ಯಾರು ಓದಬಹುದು, ಸಂಸ್ಥೆ ಇಟ್ಟುಕೊಳ್ಳಲಾಗದಿದ್ದರೆ ಯಾರಿಗೆ ಮರಳಿಸಬೇಕು ಎಂಬುದೂ ಅದರಲ್ಲಿರಲಿ. ಅಚ್ಚಾಗದ ಡೈರಿಗೂ ಹಕ್ಕುಸ್ವಾಮ್ಯ ಇದೆ. ಬರೆದವರು ತೀರಿಕೊಂಡ ನಂತರ ಮೊದಲ ಬಾರಿ ಪ್ರಕಟವಾದರೆ, ನಮ್ಮ ಕಾನೂನಿನಲ್ಲಿ ಅದು ಪ್ರಕಟಣೆಯ ಮರುವರ್ಷದಿಂದ 60 ವರ್ಷ ನಡೆಯುತ್ತದೆ. ವಿಲ್ಲಿನಲ್ಲಿ ಹಸ್ತಪ್ರತಿಯನ್ನು ಒಬ್ಬರಿಗೆ ಬರೆದುಕೊಟ್ಟು ಬೇರೇನೂ ಹೇಳದಿದ್ದರೆ, ಬರೆದವರ ಹಕ್ಕುಸ್ವಾಮ್ಯವೂ ಅವರಿಗೇ ಹೋಗುತ್ತದೆ. ಅಣ್ಣತಮ್ಮಂದಿರು ಒಂದೊಂದು ವರ್ಷದ ಡೈರಿ ಹಂಚಿಕೊಳ್ಳುವುದಂತೂ ಬೇಡ. ಹಂಚಿದ ಕಟ್ಟು ಮತ್ತೆ ಕೂಡಿದ್ದು ಅಪರೂಪ.

ಮನೆಯಲ್ಲೇ ಇಡುವವರಿಗೆ ನಾಲ್ಕು ಮಾತು. ಪೀಪ್ಸ್ ಬರೆದ ಕಾಗದ ಬಟ್ಟೆಯ ಚಿಂದಿಯಿಂದ ಮಾಡಿದ್ದು, ಆದ್ದರಿಂದ 350 ವರ್ಷವಾದರೂ ಗಟ್ಟಿ. ಅವನ ಕಾಲದ ಶಾಯಿ ಮಾಚಿಕಾಯಿ, ಅನ್ನಭೇದಿ ಮತ್ತು ಗೋಂದಿನದು. ಕಾಗದದೊಳಕ್ಕೆ ಇಳಿದು ಕಪ್ಪಾಗುತ್ತದೆ, ನೀರಿಗೆ ಸುಲಭಕ್ಕೆ ಹೋಗುವುದಿಲ್ಲ. ಅನ್ನಭೇದಿ ಹೆಚ್ಚಾದರೆ ಮಾತ್ರ ಕಾಗದವನ್ನೇ ತಿನ್ನುತ್ತದೆ. ನಮ್ಮ ಟ್ರಂಕಿನ ಡೈರಿಗಳು ಮರದ ತಿರುಳಿನ ಕಾಗದ. ಅದರೊಳಗಿನ ಆಮ್ಲವೇ ಅದನ್ನು ಹಳದಿ ಮಾಡಿ ಅಂಚಿನಿಂದ ಪುಡಿ ಮಾಡುತ್ತದೆ. ಪೆನ್ನಿನ ನೀಲಿ ಶಾಯಿ ಒಂದು ಲೋಟ ನೀರಿಗೆ ತೊಳೆದುಹೋಗುತ್ತದೆ, ಬಾಲ್‌ಪೆನ್ನಿನದು ಬಿಸಿಲಿಗೆ ಮಾಸುತ್ತದೆ. ಹಾಗಾಗಿ ಡೈರಿಯನ್ನು ‘ಬಿಸಿಲಿಗೆ ಹಾಕುವ’ ನಮ್ಮ ಹಳೆಯ ಪದ್ಧತಿ ಕೂಡದು. ನೆರಳಿನಲ್ಲಿ, ಫ್ಯಾನಿನ ಗಾಳಿಗೆ, ಪುಟ ಸ್ವಲ್ಪ ಬಿಡಿಸಿ ನಿಲ್ಲಿಸಿ.

ಬೂಷ್ಟು ಹಿಡಿದಿದ್ದರೆ ಒದ್ದೆ ಇರುವಾಗ ಒರೆಸಬೇಡಿ. ಬೂಷ್ಟಿನ ಬೀಜ ಕಾಗದದ ನಾರಿನೊಳಕ್ಕೆ ಉಜ್ಜಿಕೊಂಡು ಕಲೆ ನಿಲ್ಲುತ್ತದೆ. ಪೂರ್ತಿ ಒಣಗಿದ ಮೇಲೆ, ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಮೆತ್ತನೆಯ ಬ್ರಷ್‌ನಿಂದ ಮಧ್ಯದಿಂದ ಅಂಚಿನ ಕಡೆಗೆ ಗುಡಿಸಿ. ಹುಳ ಹಿಡಿದಿದ್ದರೆ ಪುಸ್ತಕವನ್ನು ಪಾಲಿಥೀನ್ ಚೀಲದಲ್ಲಿ ಗಾಳಿ ಹೊರಹಾಕಿ ಬಿಗಿಯಾಗಿ ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಚೀಲ ಒಂದು ದಿನ ಪೂರ್ತಿ ಬಿಚ್ಚಬಾರದು. ಅವಸರಪಟ್ಟು ಬಿಚ್ಚಿದರೆ ತಣ್ಣಗಿನ ಕಾಗದದ ಮೇಲೆ ಗಾಳಿಯ ತೇವ ಬೆವರಿನಂತೆ ಕೂತು ಶಾಯಿ ಹರಡುತ್ತದೆ. ಗೆದ್ದಲಿದ್ದರೆ ಪುಸ್ತಕಕ್ಕಿಂತ ಮೊದಲು ಗೋಡೆ ನೋಡಿ. ಟ್ರಂಕನ್ನು ಗೋಡೆಯಿಂದ ಒಂದು ಗೇಣು, ನೆಲದಿಂದ ಒಂದು ಗೇಣು ದೂರ ಇಟ್ಟರೆ ಮಣ್ಣಿನ ಗೂಡು ಏರುವುದು ಕಣ್ಣಿಗೆ ಬೀಳುತ್ತದೆ. ಸೆಲ್ಲೋಟೇಪಿನ ಅಂಟು ಕೆಲವು ವರ್ಷಕ್ಕೆ ಕಂದಾಗಿ ಅಕ್ಷರ ನುಂಗುತ್ತದೆ, ಲ್ಯಾಮಿನೇಷನ್ ಮಾಡಿದ ಹಾಳೆ ಮತ್ತೆ ಬಿಡಿಸಲಾಗದು. ರಬ್ಬರ್ ಬ್ಯಾಂಡ್, ಗುಂಡುಸೂಜಿ ತೆಗೆದು, ತೊಳೆದು ಗಂಜಿ ಹೋದ ಹತ್ತಿ ಬಟ್ಟೆಯಲ್ಲಿ ಸುತ್ತಿ. ಗಂಜಿ ಇದ್ದರೆ ಹುಳಕ್ಕೆ ಊಟ ಬಡಿಸಿದ ಹಾಗೆ.

ಫೋಟೊಕ್ಕೆ ಒಳ್ಳೆಯ ಫೋನು ಸಾಕು. ಕಿಟಕಿಯ ಬೆಳಕು ಪಕ್ಕದಿಂದ ಬರಲಿ, ಫ್ಲಾಶ್ ಬೇಡ. ಪುಸ್ತಕವನ್ನು ಚಪ್ಪಟೆ ಒತ್ತಿದರೆ ಬೆನ್ನು ಮುರಿಯುತ್ತದೆ. ಎರಡು ಬದಿಗೂ ಮಡಚಿದ ಟವೆಲ್ ಕೊಟ್ಟು ಅರ್ಧ ತೆರೆದೇ ಇಡಿ. ರಟ್ಟು, ಖಾಲಿ ಪುಟ, ಹಿಂದಿನ ವಿಳಾಸದ ಪುಟ ಎಲ್ಲವೂ ಬರಬೇಕು. ಖಾಲಿ ಪುಟದ ಫೋಟೊ ಇಲ್ಲದಿದ್ದರೆ ಅಂದು ಬರೆಯಲಿಲ್ಲವೋ ನೀವು ಬಿಟ್ಟಿರೋ ಎಂದು ಮುಂದೆ ಯಾರಿಗೂ ತಿಳಿಯುವುದಿಲ್ಲ. ದಿನಕ್ಕೊಂದು ಪುಟದ ಡೈರಿಗೆ, ಎದುರುಬದುರಿನ ಎರಡು ಪುಟಕ್ಕೆ ಒಂದರಂತೆ, ಸುಮಾರು 185 ಫೋಟೊ, ಒಬ್ಬರು ಪುಟ ತಿರುವಿ ಒಬ್ಬರು ತೆಗೆದರೆ ಮುಕ್ಕಾಲು ಗಂಟೆ. ಮೂವತ್ತು ವರ್ಷದ ಡೈರಿಗೆ 5,500ರಷ್ಟು ಫೋಟೊ. ಒಂದಕ್ಕೆ 4 ಎಂಬಿ ಎಂದರೆ 22 ಜಿಬಿ. ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಕುಗ್ಗಿ ಅಕ್ಷರ ಒಡೆಯುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಮೂರು ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ.

ಟೈಪ್ ಮಾಡುವಾಗ ಬರೆದದ್ದು ಬರೆದಂತೆ. ‘ಹೋಗಿದ್ದೆನು’ ಎಂದಿದ್ದರೆ ‘ಹೋಗಿದ್ದೆ’ ಮಾಡಬೇಡಿ, ತಪ್ಪು ತಿದ್ದಬೇಡಿ. ಓದಲಾಗದ ಪದಕ್ಕೆ ಆವರಣದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಡಿ, ಊಹಿಸಿ ತುಂಬಬೇಡಿ. ತಾರೀಖಿನಲ್ಲಿ ಎಡವುವವರು ಬಹಳ. ಪೀಪ್ಸ್‌ನ ಇಂಗ್ಲೆಂಡಿನಲ್ಲಿ ಕಾನೂನಿನ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಜನವರಿಯ ಬರಹಕ್ಕೆ 1659/60 ಎಂದು ಜೋಡಿ ವರ್ಷ ಕಾಣುವುದು ಅದಕ್ಕೇ. ಮೇಲಾಗಿ ಅವರ ಪಂಚಾಂಗ ಯುರೋಪಿನ ಬಹುಭಾಗಕ್ಕಿಂತ ಹತ್ತು ದಿನ ಹಿಂದೆ. ನಿಮ್ಮ ಡೈರಿಯಲ್ಲಿ ಸಂವತ್ಸರ, ಮಾಸ, ತಿಥಿ ಇದ್ದರೆ ಅದನ್ನು ಹಾಗೇ ಇಟ್ಟು ಪಕ್ಕದಲ್ಲಿ ಇಂಗ್ಲಿಷ್ ತಾರೀಖು ಹಾಕಿ, ಅಳಿಸಿ ಬದಲಿಸಬೇಡಿ. ಪರಾಭವ ಎಂದಷ್ಟೇ ಇದ್ದರೆ ಅದು 1966–67ರದೋ ಅದಕ್ಕೂ 60 ವರ್ಷ ಹಿಂದಿನದೋ ಎಂದು ಒಳಗಿನ ಬೆಲೆಗಳನ್ನು ನೋಡಿ ನಿರ್ಧರಿಸಬೇಕಾಗುತ್ತದೆ. ಅಂದರೆ, ಆ ಖರ್ಚಿನ ಸಾಲುಗಳನ್ನು ಯಾರೂ ಬಿಟ್ಟಿರಬಾರದು.

ಕಡೆಯದಾಗಿ, ಇನ್ನೂ ಡೈರಿ ಬರೆಯುತ್ತಿರುವ ಹಿರಿಯರು ಮನೆಯಲ್ಲಿದ್ದರೆ. ಪೀಪ್ಸ್ 36ನೇ ವಯಸ್ಸಿನಲ್ಲಿ ಬರೆಯುವುದನ್ನು ಬಿಟ್ಟದ್ದು ಕಣ್ಣು ಹೋಗುತ್ತದೆ ಎಂಬ ಭಯಕ್ಕೆ. ಮೇಣದ ಬತ್ತಿಯ ಬೆಳಕಿನಲ್ಲಿ ಸಣ್ಣ ಅಕ್ಷರ, ನೋವು. ಕಾಗದದ ಕೊಳವೆಗಳ ಮೂಲಕ ಓದಿ ನೋಡಿದ. ಡೈರಿ ಬಿಡುವುದು ತನ್ನನ್ನೇ ಗೋರಿಗೆ ಇಳಿಸಿದಷ್ಟು ಸಂಕಟ ಎಂದು ಕೊನೆಯ ದಿನ ಬರೆದ. ಕಣ್ಣು ಹೋಗಲಿಲ್ಲ, ಇನ್ನೂ 34 ವರ್ಷ ಬದುಕಿದ. ಆ ಕೊನೆಯ ಬರಹದಲ್ಲೇ ಒಂದು ಉಪಾಯವಿದೆ. ಇನ್ನು ಮುಂದೆ ತನ್ನ ಕೈಕೆಳಗಿನವರು ಎಲ್ಲರೂ ಓದಬಹುದಾದ ಬರಹದಲ್ಲಿ ಬರೆಯಲಿ, ಲೋಕಕ್ಕೆ ತಿಳಿದರೆ ಅಡ್ಡಿಯಿಲ್ಲದ್ದನ್ನಷ್ಟೇ. ಪುಟದ ಅಂಚು ಖಾಲಿ ಇರಲಿ, ಬೇಕೆನಿಸಿದಾಗ ಅಲ್ಲಿ ತಾನೇ ಶೀಘ್ರಲಿಪಿಯಲ್ಲಿ ಸೇರಿಸುತ್ತೇನೆ. ಕಣ್ಣು ಮಂಜಾದ ಅಜ್ಜಿ ಹೇಳುತ್ತಾ ಹೋದದ್ದನ್ನು ನೀವು ಬರೆದುಕೊಳ್ಳುವುದಾದರೆ ಗೆರೆಯಿಲ್ಲದ ದಪ್ಪ ಹಾಳೆಯ ಪುಸ್ತಕ ತನ್ನಿ, ಎಡಗಡೆ ಮೂರು ಬೆರಳು ಅಂಚು ಬಿಡಿ. ಆ ಅಂಚಿನಲ್ಲಿ ಅವರೇ ಏನಾದರೂ ಗೀಚಿದರೆ, ಅದು ಏನೆಂದು ಕೇಳದೆ ಪುಸ್ತಕ ಮುಚ್ಚಿ ಕೊಡಿ.

ಇತಿ,
ಹಸ್ತಪ್ರತಿಗಳ ಕೆಲಸ ಮಾಡುವ ಕೆಲವರು